ಅಡಿವೆಪ್ಪಜ್ಜನ ತೋಳಿನ ಮೇಲಿನ ಮಾತು

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಬೈಲಹೊಂಗಲದ ನಮ್ಮ ಮನೆಗೆ ಒಮ್ಮೊಮ್ಮೆ ಬರುತ್ತಾರೆ. ಸಲಾಯಿನ್ ಹಚ್ಚುವುದು, ಇಂಜೆಕ್ಷನ್ ಮಾಡುವುದು ನನಗಿಂತ ಅವರಿಗೇ ಚಂದ ಗೊತ್ತು. ನಾವು ಸೇರಿದ ಕಾಲಕ್ಕೆ ಗಾಜಿನ ಸಿರಿಂಜುಗಳನ್ನು ಸ್ಟೋವಿನ ಮೇಲೆ ಕುದಿಸುತ್ತಿದ್ದೆವು, ಸೂಜಿ ಮೊಂಡಾದರೆ ಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದೆವು. ಅದನ್ನು ಹೇಳಿದರೆ ನಗುತ್ತಾರೆ. ನಗಲಿ. ಕೈಯ ಕೆಲಸವನ್ನು ಯಾರಾದರೂ ಕಲಿಸಿಯೇ ಕಲಿಸುತ್ತಾರೆ. ಎದುರಿಗೆ ಕುಂತವರು ಏನು ಹೇಳುತ್ತಿದ್ದಾರೆ ಎಂದು ತಿಳಿದುಕೊಳ್ಳುವುದನ್ನು ಮಾತ್ರ ನನಗೆ ಯಾರೂ ಕಲಿಸಲಿಲ್ಲ. ಅದನ್ನು ಕಲಿಯುವಷ್ಟರಲ್ಲಿ ಸರ್ವಿಸು ಮುಗಿಯಿತು.

ನಾನು ಸಿರಸಂಗಿಯವಳು. ಮೊದಲ ಪೋಸ್ಟಿಂಗ್ ರಾಮದುರ್ಗ ತಾಲೂಕಿನ ಒಂದು ಹಳ್ಳಿಗೆ. ಅಲ್ಲಿದ್ದ ಡಾಕ್ಟರು ಮೈಸೂರು ಕಡೆಯವರು, ಸಣ್ಣ ವಯಸ್ಸು, ಬಹಳ ಸಂಭಾವಿತರು. ಬರಿ ಹೊಟ್ಟೆಯಲ್ಲಿ ಗುಳಿಗೆ ತಗೊಳ್ಳಬಾರದೆಂದು ಬಂದವರನ್ನೆಲ್ಲ ‘ತಿಂಡಿ ಆಯ್ತಾ?’ ಎಂದು ಕೇಳುತ್ತಿದ್ದರು. ನಮ್ಮ ಕಡೆ ತಿಂಡಿ ಅಂದರೆ ತುರಿಕೆ. ಮರ್ಯಾದಸ್ಥ ಹೆಣ್ಣುಮಗಳೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಸಂಜೆಗೆ ಆಕೆಯ ಗಂಡ ಮತ್ತು ಭಾವ ಬಂದು ಬಾಗಿಲಲ್ಲಿ ನಿಂತರು. ನಾನು ನಡುವೆ ನಿಂತು ಬಿಡಿಸಿ ಹೇಳಿದ ಮೇಲೆ ಎಲ್ಲರೂ ನಕ್ಕು ಚಹಾ ಕುಡಿದರು. ಮಾತು ತಪ್ಪಿದರೂ ಕೊನೆಗೆ ನಗೆಯಾಗಿ ಮುಗಿಯುತ್ತದೆ ಎಂದು ನಾನು ಆಗ ನಂಬಿದೆ.

ಸವದತ್ತಿ ಕಡೆ ವರ್ಗವಾದಾಗ ಆ ನಂಬಿಕೆ ಹೋಯಿತು. ಅಲ್ಲಿಗೆ ಒಬ್ಬ ಹೆಣ್ಣುಮಗಳು ವಾರವಾರ ಬಂದು, ‘ಹೊಟ್ಟ್ಯಾಗ ಬೆಂಕಿ ಬಿದ್ದೈತ್ರಿ’ ಎನ್ನುತ್ತಿದ್ದಳು. ನಾವು ಪಿತ್ತದ ಔಷಧಿ ಕೊಟ್ಟು ಕಳಿಸುತ್ತಿದ್ದೆವು. ಖಾರ ಕಡಿಮೆ ಮಾಡು ಎಂದು ಬುದ್ಧಿಯನ್ನೂ ಹೇಳುತ್ತಿದ್ದೆವು. ಆಕೆಯ ಬೆಳೆದ ಮಗ ಡ್ಯಾಮಿನ ನೀರಿನಲ್ಲಿ ಹೋಗಿಬಿಟ್ಟಿದ್ದ ಎನ್ನುವುದು ಬಹಳ ದಿನದ ಮೇಲೆ ಆಕೆಯ ಊರವರಿಂದ ತಿಳಿಯಿತು. ಅಷ್ಟರಲ್ಲಿ ಆಕೆ ಬರುವುದನ್ನೇ ನಿಲ್ಲಿಸಿದ್ದಳು. ಆಕೆ ಕನ್ನಡದಲ್ಲೇ ಹೇಳಿದ್ದಳು, ನಾವೂ ಕನ್ನಡದವರೇ ಇದ್ದೆವು.

ಮುಂದಿನದು ನಮ್ಮ ಭಾಷೆಯ ಮಾತಲ್ಲ, ಹೇಳಿದವರು ಮಾತ್ರ ನಮ್ಮವರೇ. ನನ್ನ ಸರ್ವಿಸಿನಲ್ಲಿ ಅತ್ಯಂತ ಹೆಚ್ಚು ದಿನ ನನ್ನನ್ನು ಕಾಡಿದ್ದು ಅದೇ.

ಸಂಪಗಾಂವದ ಕಡೆಗೆ ಒಂದು ಆರೋಗ್ಯ ಕೇಂದ್ರಕ್ಕೆ ನನ್ನನ್ನು ಹಾಕಿದರು. ಊರಿನ ಹೆಸರು ಬೇಡ. ಅಲ್ಲಿಗೆ ತಿಂಗಳಿಗೊಮ್ಮೆ ಬಿ.ಪಿ. ನೋಡಿಸಿಕೊಳ್ಳಲು ಅಡಿವೆಪ್ಪ ಎನ್ನುವ ಹಿರಿಯರು ಬರುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಇಟಲಿ ದೇಶದವರೆಗೂ ಹೋಗಿ ಬಂದ ಸಿಪಾಯಿ. ಊರಲ್ಲಿ ಅವರಿಗೆ ಮಿಲ್ಟ್ರಿ ಅಡಿವೆಪ್ಪ ಎಂದೇ ಹೆಸರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಹೆಸರು ಕರೆದ ಕೂಡಲೇ ಎದ್ದು ನಿಂತು ‘ಹಾಜರ’ ಎನ್ನುತ್ತಿದ್ದರು. ಅದನ್ನು ಬಿಟ್ಟರೆ ಮಾತು ಕಡಿಮೆ. ಜೊತೆಗೆ ಹೆಂಡತಿ ನೀಲವ್ವ ಬರುತ್ತಿದ್ದರು. ಅವರು ಗಂಡನಿಗಿಂತ ಹತ್ತು ವರ್ಷ ಸಣ್ಣವರು, ಚುರುಕು ಮಾತಿನ ಹೆಣ್ಣುಮಗಳು. ಆದರೆ ಗಂಡ ಅಂಗಿಯ ತೋಳು ಏರಿಸಿದ ಕೂಡಲೇ ಅವರು ಮುಖ ತಿರುವಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಪ್ರತಿ ತಿಂಗಳೂ ಹಾಗೇ.

ಬಲ ಮುಂಗೈ ಮೇಲೆ ಇಂಗ್ಲಿಷ್ ಅಕ್ಷರದ ಹಚ್ಚೆ ಇತ್ತು. ಎ, ಎಂ, ಇ, ಓ. ಸ್ವಲ್ಪ ಜಾಗ ಬಿಟ್ಟು ಎಫ್, ಐ, ಎಲ್, ಐ. ಅದರ ಮುಂದಿನ ಕೊನೆಯ ಅಕ್ಷರದ ಮೇಲೆ ಕುಡುಗೋಲಿನ ಗಾಯದ ಕಲೆ ಕುಂತು ಅದು ಓ ಅನ್ನಬೇಕೋ ಎ ಅನ್ನಬೇಕೋ ತಿಳಿಯುತ್ತಿರಲಿಲ್ಲ. ಏನಿದು ಅಜ್ಜಾರ ಎಂದು ಕೇಳಿದೆ. ‘ಆ ನಾಡಿನ ದೇವರ ಹೆಸರವಾ’ ಎಂದು ತೋಳು ಇಳಿಸಿಕೊಂಡರು.

ಹೊರಗೆ ಬಂದ ಮೇಲೆ ನೀಲವ್ವ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು. “ದೇವರೂ ಅಲ್ಲ ದಿಂಡರೂ ಅಲ್ಲರಿ ಬಾಯಾರ. ಅದು ಆಕಿ ಹೆಸರು.”

ಅವರು ಮದುವೆಯಾಗಿ ಬಂದ ಹೊಸದರಲ್ಲೇ ಊರಿನ ಸಾಲಿ ಮಾಸ್ತರರು ಆ ಅಕ್ಷರ ಕೂಡಿಸಿ ಓದಿ, ಅಮಿಯೊ ಫಿಲಿಯಾ ಅಂತ ಐತಿ, ಹೆಣ್ಣುಮಕ್ಕಳ ಹೆಸರಿದ್ದಂಗ ಕಾಣತೈತಿ ಎಂದಿದ್ದರಂತೆ. ಅಷ್ಟು ಸಾಕಾಯಿತು. ಕಟ್ಟೆಯ ಮೇಲೆ ಕುಂತ ಗೆಣೆಕಾರರು ಅಡಿವೆಪ್ಪನನ್ನು ‘ಫಿಲಿಯಾನ ಗಂಡ’ ಎಂದು ಕಾಡಿದರು. ಚ್ಯಾಷ್ಟಿಯ ಮಾತು ನೀರು ತರಲು ಹೋದ ಸೊಸೆಯ ಕಿವಿಗೂ ಬಿತ್ತು. ನೀಲವ್ವ ಕೇಳಿದಾಗ ಗಂಡ ಅದೇ ಹೇಳಿದರು, ದೇವರ ಹೆಸರೆಂದು. ಯಾವ ದೇವರು, ಗುಡಿ ಎಲ್ಲೈತಿ, ಪೂಜಿ ಹೆಂಗ ಎಂದು ಕೆದಕಿದರೆ ಎದ್ದು ಹೊಲಕ್ಕೆ ಹೋಗುತ್ತಿದ್ದರು. ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು, ಗಂಡು ಆಗಲಿಲ್ಲ. ಅಲ್ಲಿ ಆಕೆಗೆ ಗಂಡು ಆಗಿರಬೇಕು, ಅದಕ್ಕೇ ಇವರಿಗೆ ಇಲ್ಲಿ ಮಗ ಬೇಕೆನ್ನುವ ಆಸೆಯೇ ಇಲ್ಲ ಎಂದು ನೀಲವ್ವ ಲೆಕ್ಕ ಹಾಕಿಕೊಂಡಿದ್ದರು. ಗಂಡ ಒಂದು ದಿನ ಕೈ ಎತ್ತಿದವರಲ್ಲ, ಕುಡಿದವರಲ್ಲ, ಸಂತೆಗೆ ಹೋದರೆ ಹೂವು ತರದೆ ಬಂದವರಲ್ಲ. ಅಷ್ಟು ಒಳ್ಳೆಯವರಾದದ್ದೇ ನೀಲವ್ವನಿಗೆ ಅನುಮಾನ. ಒಳಗೆ ತಪ್ಪು ಇದ್ದವರು ಹೀಗೆ ಇರುತ್ತಾರೆ ಎನ್ನುತ್ತಿದ್ದರು.

ಒಂದು ಬ್ಯಾಸಿಗೆಯಲ್ಲಿ ಅಡಿವೆಪ್ಪಜ್ಜನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿತ್ತು, ಮಾತು ಹೋಯಿತು. ಬೆಳಗಾವಿಗೆ ಕರೆದುಕೊಂಡು ಹೋಗಿ ಬಂದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮೂಗಿನ ನಳಿಗೆ ನೋಡುವುದು ಇದಕ್ಕಾಗಿ ನಾನು ಅವರ ಮನೆಗೆ ಹೋಗತೊಡಗಿದೆ. ಸ್ವಲ್ಪ ದಿನದಲ್ಲಿ ನಳಿಗೆ ತೆಗೆದೆವು, ಗಂಜಿ ನುಂಗುವಂತಾದರು. ಮಾತು ಮಾತ್ರ ಬರಲಿಲ್ಲ. ಒಂದು ದಿನ ನಾನು ಮತ್ತು ನೀಲವ್ವ ಸೇರಿ ಅವರನ್ನು ಹೊರಳಿಸುವಾಗ ಬಾಯಿ ಅಲುಗಿತು. ಬಹಳ ಕಷ್ಟಪಟ್ಟು, ಆದರೆ ಸ್ವಚ್ಛವಾಗಿ ಬಂತು: ‘ಎ ಮೀವೊ ಫೀಲ್ಯೊ.’

ಅಂದಿನಿಂದ ಅದೊಂದೇ. ನೀರು ಬೇಕಾದರೂ ಅದೇ, ನೋವಾದರೂ ಅದೇ. ಅಪರಿಚಿತರು ಯಾರಾದರೂ ಒಳಗೆ ಬಂದರೆ ದನಿ ಜೋರಾಗುತ್ತಿತ್ತು. ಎಡಗೈಯಿಂದ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಅದನ್ನೇ ಅನ್ನುತ್ತಿದ್ದರು.

ನೀಲವ್ವ ಮೊದಲ ದಿನ ಅಲ್ಲೇ ಗೋಡೆಗೆ ಒರಗಿ ಕುಂತುಬಿಟ್ಟರು. “ನನ್ನ ಹೆಸರ ಮರತಾರ. ಮಕ್ಕಳ ಹೆಸರ ಮರತಾರ. ಆಕಿ ಹೆಸರ ಉಳದೈತಿ.”

ನಮ್ಮ ಡಾಕ್ಟರು ಕುಲಕರ್ಣಿ ಅಂತ. ನನ್ನ ಸರ್ವಿಸಿನಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ಮನಸ್ಸು ಹಚ್ಚಿ ಕೆಲಸ ಮಾಡಿದವರು ಕಡಿಮೆ. ರೋಗಿ ಬರಲಾರದಿದ್ದರೆ ತಮ್ಮ ಸ್ಕೂಟರ್ ಹತ್ತಿ ತಾವೇ ಹೋಗುತ್ತಿದ್ದರು. ನಾನು ಸಂಗತಿ ಹೇಳಿದಾಗ ಅವರು ನನ್ನ ಜೊತೆ ಬಂದರು. ಮೆದುಳಿನಲ್ಲಿ ಮಾತಿನ ಜಾಗ ಕೆಟ್ಟರೂ, ಮನಸ್ಸಿನಲ್ಲಿ ಸಾವಿರ ಸಲ ಹೇಳಿಕೊಂಡ ಮಾತು ಒಂದು ಉಳಿದಿರುತ್ತದೆ, ಕೆಲವರಿಗೆ ಬೈಗುಳ, ಕೆಲವರಿಗೆ ದೇವರ ಹೆಸರು ಎಂದು ನೀಲವ್ವನಿಗೆ ತಿಳಿಸಿ ಹೇಳಿದರು. ಸಮಾಧಾನಕ್ಕೆಂದು ಹೇಳಿದ್ದು. ಸಾವಿರ ಸಲ ಎನ್ನುವುದಷ್ಟೇ ನೀಲವ್ವನಿಗೆ ಕೇಳಿಸಿತು.

“ಸಾಹೇಬ್ರ, ನೀವು ಕಲತಾವ್ರು,” ಎಂದರು. “ಅವರ ಕೈ ಮ್ಯಾಲಿಂದ ಓದಿ ಹೇಳ್ರಿ. ನಾ ಸಾಯೂದ್ರಾಗ ನನಗ ತಿಳೀಲಿ.”

ಡಾಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅವರು ಕಲಿತದ್ದು ಪಾದ್ರಿಗಳ ಸಾಲಿಯಲ್ಲಿ. ಅಲ್ಲಿ ಸ್ವಲ್ಪ ಲ್ಯಾಟಿನ್ ಓದಿದ್ದರು. ಇಟಲಿಯವರ ಭಾಷೆ ಅದರ ಮಗಳೇ ಎಂದರು. ಬರೆದವನಿಗೆ ಕಾಗುಣಿತ ಬಂದಿಲ್ಲ, ನಡುವೆ ಒಂದು ಇ ಹೆಚ್ಚಾಗಿದೆ, ಅದನ್ನು ತೆಗೆದರೆ ಅಮೋ ಆಗುತ್ತದೆ ಎಂದರು. ಅಮೋ ಅಂದರೆ ಪ್ರೀತಿ ಮಾಡುತ್ತೇನೆ ಎಂದು. ಮುಂದಿನದು ಫಿಲಿಯಾ, ಹೆಸರಿರಬೇಕು. ಹೇಳಿ ಮುಗಿಸಿ ತಲೆ ಎತ್ತಿದಾಗ ನೀಲವ್ವನ ಮುಖ ಕಂಡಿತು. ‘ಹಳೇ ಮಾತು ಬಿಡ್ರಿ ಅಮ್ಮಾ, ಹರೇದಾಗಿನದು’ ಎಂದರು. ಅದು ಇನ್ನೂ ಕೆಟ್ಟದ್ದಾಯಿತು.

ಮರುದಿನ ನಾನು ಹೋದಾಗ ಹಚ್ಚೆಯ ಮೇಲೆ ಹಳೇ ಸೀರೆಯ ಅರಿವೆ ಸುತ್ತಿ ಗಂಟು ಹಾಕಿತ್ತು. ಗಾಯವಾಗಿದೆಯೇನೋ ಎಂದು ಬಿಚ್ಚಲು ಹೋದೆ. ನೀಲವ್ವ ತಡೆದರು. ಗಂಡನ ಸೇವೆಯಲ್ಲಿ ಅವರು ಒಂದು ತುಸು ಕಡಿಮೆ ಮಾಡಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಸಿಗೆ ಒದ್ದೆಯಾದರೆ ಗಳಿಗೆ ತಡವಿಲ್ಲ, ಗಂಜಿ ಆರಿಸಿ ಆರಿಸಿ ಉಣಿಸುವುದು, ಗಡ್ಡ ಹೆರೆಸುವುದು. ಎಲ್ಲ ಮಾಡಿದರು. ಮಾತಾಡಲಿಲ್ಲ ಅಷ್ಟೇ. ಅಜ್ಜ ಅವರನ್ನು ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು. ಎಡಗೈ ಬೆರಳಿನಿಂದ ಆ ಗಂಟನ್ನು ಕೆದಕುತ್ತಿದ್ದರು. ಸಡಿಲಾದರೆ ನೀಲವ್ವ ಬಂದು ಮತ್ತೆ ಬಿಗಿಯುತ್ತಿದ್ದರು.

ನಾನು ಅಜ್ಜನ ಪರವಾಗಿ ಎರಡು ಮಾತು ಆಡಿ ನೋಡಿದೆ. ಯುದ್ಧದ ಕಾಲ, ಊರು ಬಿಟ್ಟು ಸಾವಿರ ಹರದಾರಿ ದೂರ, ಇದ್ದರೂ ಇರಲಿ, ತಿರುಗಿ ಬಂದು ನಿಮ್ಮ ಜೊತೆ ಬಾಳೇವು ಮಾಡಿದರಲ್ಲ ಎಂದೆ. ನೀಲವ್ವ ನನ್ನನ್ನು ನೋಡಿ, ನೀವೂ ಆಕಿ ಇದ್ದಾಳ ಅಂತ ಒಪ್ಪಿದಿರಿ ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಡಿವೆಪ್ಪಜ್ಜ ತೀರಿಕೊಂಡರು. ಬೆಳಿಗ್ಗೆ ಮುಖ ತೊಳೆಸಲು ಹೋದಾಗ ಹೋಗಿಬಿಟ್ಟಿದ್ದರಂತೆ. ಸುದ್ದಿ ತಿಳಿದು ನಾನು ಹೋದೆ. ಇಬ್ಬರು ಹೆಣ್ಣುಮಕ್ಕಳು ಬಂದು ಬಿದ್ದು ಅಳುತ್ತಿದ್ದರು. ಮಣ್ಣಿಗೆ ಬಂದವರಲ್ಲಿ ಎದೆಗೆ ಪದಕ ಚುಚ್ಚಿಕೊಂಡ ಒಬ್ಬ ಮುದುಕರು ದೂರ ನಿಂತು ಸೆಲ್ಯೂಟ್ ಹೊಡೆದರು. ಯಾರೆಂದು ಕೇಳಿದೆ. ಮುನವಳ್ಳಿಯ ದಾವಲಸಾಬ, ಅಜ್ಜನ ಜೊತೆ ಯುದ್ಧಕ್ಕೆ ಹೋದವರು ಎಂದು ಯಾರೋ ಹೇಳಿದರು.

ನೀಲವ್ವ ಕಣ್ಣೀರು ಹಾಕಲಿಲ್ಲ. ಹೆಣ ಎತ್ತುವ ಮೊದಲು ಹೂವು ಏರಿಸು ಬಾ ಎಂದು ಮಗಳು ಕರೆದಾಗ ಕುಂತಲ್ಲಿಂದಲೇ ಹೇಳಿದರು. “ಮೊದಲ ಆಕಿಗೆ ಸುದ್ದಿ ಮುಟ್ಟಸ್ರಿ ಯಾರರ.”

ಮಗಳು ಅಳು ನಿಲ್ಲಿಸಿ ತಾಯಿಯ ಮುಖ ನೋಡಿದಳು. ಅರಿವೆ ಕಟ್ಟಿದ ತೋಳಿನೊಂದಿಗೇ ಅಜ್ಜನನ್ನು ಒಯ್ದರು.

ನೀಲವ್ವ ಮನೆ ಹೊಲ ಮೈದುನನ ಮಕ್ಕಳಿಗೆ ನೋಡಿಕೊಳ್ಳಲು ಬಿಟ್ಟು ರಾಮದುರ್ಗದ ಹತ್ತಿರ ಸಣ್ಣ ಮಗಳ ಊರಿಗೆ ಹೋದರು. ಕುಲಕರ್ಣಿ ಡಾಕ್ಟರು ನಿವೃತ್ತರಾಗಿ ಧಾರವಾಡ ಸೇರಿದರು. ನನ್ನನ್ನು ಕಿತ್ತೂರು ಕಡೆ ವರ್ಗ ಮಾಡಿದರು. ಅಲ್ಲಿ ಮೂರು ನಾಲ್ಕು ವರ್ಷ ಕಳೆದವು.

ಕಿತ್ತೂರಿನ ಆಚೆ ಒಂದು ಹಳ್ಳಿಯಲ್ಲಿ ಕ್ರಿಶ್ಚಿಯನ್ ಸನ್ಯಾಸಿನಿಯರು ಸಣ್ಣ ದವಾಖಾನೆ ನಡೆಸುತ್ತಿದ್ದರು. ಪೋಲಿಯೊ ಹನಿ ಹಾಕುವ ದಿನ ನಾವೂ ಅವರೂ ಕೂಡಿ ಕೆಲಸ ಮಾಡುತ್ತಿದ್ದೆವು. ಅವರಲ್ಲಿ ಸಿಸ್ಟರ್ ಸಿಸಿಲಿಯಾ ಎನ್ನುವವರು ಮಂಗಳೂರು ಕಡೆಯವರು, ನನ್ನದೇ ವಯಸ್ಸು. ಹನಿ ಹಾಕಿ ಮುಗಿಸಿ ಅವಲಕ್ಕಿ ತಿನ್ನುತ್ತ ಕುಂತಾಗ ಅವರು ತಾವು ಇಟಲಿಯ ಒಂದು ಮಠದಲ್ಲಿ ಆರು ವರ್ಷ ಇದ್ದು ಬಂದದ್ದನ್ನು ಹೇಳಿದರು. ಅಲ್ಲಿಯ ಚಳಿ, ಅಲ್ಲಿಯ ಮುದುಕಿಯರು, ಅಲ್ಲಿಯ ರೊಟ್ಟಿ. ನಾನು ತಟ್ಟೆ ಕೆಳಗಿಟ್ಟು ಅಡಿವೆಪ್ಪಜ್ಜನ ಸಂಗತಿ ಹೇಳಿದೆ. ಅಲ್ಲೇ ಇದ್ದ ಹನಿಯ ಡಬ್ಬಿಯ ಮುಚ್ಚಳದ ಮೇಲೆ ಪೆನ್ನಿನಿಂದ ಆ ಅಕ್ಷರ ಬರೆದು, ಮಾಸ್ತರರು ಓದಿದಂತೆ ಕೊನೆಗೆ ಎ ಹಾಕಿ ತೋರಿಸಿದೆ.

ಸಿಸ್ಟರ್ ನೋಡಿದರು, ತಲೆ ಅಲ್ಲಾಡಿಸಿದರು. ಅಂಥ ಶಬ್ದ ಆ ಭಾಷೆಯಲ್ಲಿ ಇಲ್ಲ ಎಂದರು. ಎರಡನೆಯದು ಮಗಳು ಎನ್ನುವುದಕ್ಕೆ ಹತ್ತಿರ ಬರುತ್ತದೆ, ಆದರೆ ಪೂರ್ತಿ ಕೂಡುವುದಿಲ್ಲ ಎಂದು ಡಬ್ಬಿಯನ್ನು ಹಿಂದಕ್ಕೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಅವರೇ ಕೇಳಿದರು, ಈ ಮಾತನ್ನು ಅವರ ಬಾಯಿಂದ ನೀವು ಕೇಳಿದ್ದೀರಾ ಎಂದು. ತಿಂಗಳಾನುಗಟ್ಟಲೆ ಕೇಳಿದ್ದೇನೆ ಎಂದೆ.

“ಹಾಗಾದರೆ ಓದಬೇಡಿ. ಅವರು ಹೇಗೆ ಹೇಳುತ್ತಿದ್ದರೋ ಹಾಗೇ ಹೇಳಿ.”

ನಾನು ಅಜ್ಜನಂತೆಯೇ, ಎಳೆದು ಎಳೆದು ಹೇಳಿದೆ. ಎ ಮೀವೊ ಫೀಲ್ಯೊ.

ಸಿಸ್ಟರ್ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹೇಳಿಸಿದರು. ಆಮೇಲೆ ಅವರೇ ಅದನ್ನು ಹೇಳಿದರು, ಹಗುರಾಗಿ, ಓಡಿಸಿಕೊಂಡು. ಅವರ ಬಾಯಲ್ಲಿ ಅದು ಮಾತಿನಂತೆ ಕೇಳಿತು. ಮೊದಲಿನ ಎ ಬೇರೆ ಪದ, ನಮ್ಮಲ್ಲಿ ‘ಆಗಿದ್ದಾನೆ’ ಅಂದ ಹಾಗೆ. ಮಿಯೊ ಅಂದರೆ ನನ್ನ. ಫೀಲ್ಯೊ ಅಂದರೆ ಮಗ. ಅದರ ಕಾಗುಣಿತದಲ್ಲಿ ಜಿ ಎನ್ನುವ ಅಕ್ಷರ ಒಂದು ಅಡಗಿ ಕುಂತಿರುತ್ತದೆ, ಬಾಯಲ್ಲಿ ಬರುವುದಿಲ್ಲ. ಕಿವಿಯಿಂದ ಕೇಳಿ ಬರೆದವನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ ಎಂದು ತಿಳಿಸಿದರು.

“ಇವನು ನನ್ನ ಮಗ,” ಎಂದರು. “ಅಷ್ಟೇ.”

ಪ್ರೀತಿ ಮಾಡುತ್ತೇನೆ ಎಂದಲ್ಲ. ಹೆಣ್ಣಿನ ಹೆಸರಲ್ಲ. ಮೊದಲು ನನಗೆ ಎದ್ದು ಓಡಿಹೋಗಿ ನೀಲವ್ವನಿಗೆ ಹೇಳಬೇಕೆನಿಸಿತು. ಬಸ್‌ಸ್ಟ್ಯಾಂಡಿಗೆ ನಡೆಯುತ್ತ ಬಂದಂತೆ ಇನ್ನೊಂದು ವಿಚಾರ ಬಂತು. ಗಂಡು ಹಡೆಯದ ಹೆಣ್ಣುಮಗಳ ಮುಂದೆ ಹೋಗಿ, ನಿಮ್ಮ ಗಂಡ ಐವತ್ತು ವರ್ಷ ತೋಳಿನ ಮೇಲೆ ಹೊತ್ತದ್ದು ‘ಇವನು ನನ್ನ ಮಗ’ ಎನ್ನುವ ಮಾತು ಎಂದು ಹೇಳಲೇ? ಆಕೆ ಯಾವುದಕ್ಕೆ ಹೆದರಿದ್ದರೋ ಅದೇ ಖರೆ ಎಂದಂತಾಗುತ್ತಿತ್ತು.

ಧಾರವಾಡಕ್ಕೆ ಹೋದಾಗ ಕುಲಕರ್ಣಿ ಡಾಕ್ಟರನ್ನು ಕಂಡು ಎಲ್ಲ ಹೇಳಿದೆ. ಒಳಗಿಂದ ಅವರ ಮನೆಯವರು ಚಹಾ ತಂದಿಟ್ಟು ಹೋದರು, ಅದು ಆರಿತು.

“ಒಂದ ಅಕ್ಷರ ನಾ ಕಿತ್ತ ಒಗದೆ, ನನಗ ಬೇಕಾದಂಗ ಅರ್ಥ ಬಂತು,” ಎಂದರು ಕೊನೆಗೆ. “ಗೊತ್ತಿಲ್ಲ ಅಂದಿದ್ರ ಆಗ್ತಿತ್ತು. ನೀವು ಅರ್ಧ ತಿಳಕೊಂಡು ಆ ಅಮ್ಮನ ಹತ್ರ ಹೋಗಬ್ಯಾಡ್ರಿ.”

ಆ ಮಾತು ಕೇಳಿದ ಮೇಲೆ ನನಗೆ ಮುನವಳ್ಳಿಯ ದಾವಲಸಾಬರ ನೆನಪು ಬಂತು.

ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಣ್ಣು ಮಂಜಾಗಿದ್ದವು, ಕಿವಿ ಚುರುಕಿದ್ದವು. ಅಡಿವೆಪ್ಪನ ಹೆಸರು ಹೇಳಿದ ಕೂಡಲೇ ಮಂಚದ ಮೇಲೆ ಜಾಗ ಮಾಡಿ ಕುಂಡ್ರಿಸಿದರು. ನಾನು ತೋಳಿನ ಮೇಲಿನ ಮಾತಿನ ಬಗ್ಗೆ ಕೇಳಿದಾಗ ಹೇಳಲು ಹಿಂದೆಮುಂದೆ ನೋಡಿದರು. ಯಾರಿಗೂ ಹೇಳಬಾರದೆಂದು ಅಡಿವೆಪ್ಪ ಆಣೆ ಹಾಕಿಸಿಕೊಂಡಿದ್ದನಂತೆ. ಅವರು ಇನ್ನಿಲ್ಲ, ಅವರ ಹೆಂಡತಿ ಇದ್ದಾರೆ ಎಂದೆ. ಆಗ ಹೇಳಿದರು.

ಅವರಿಬ್ಬರೂ ಯುದ್ಧದಲ್ಲಿ ಸೆರೆ ಸಿಕ್ಕಿದ್ದರು. ಇಟಲಿಯಲ್ಲಿ ತಂತಿ ಬೇಲಿಯ ಒಳಗೆ ಒಂದು ವರ್ಷದ ಮೇಲೆ ಇದ್ದರು. ಸೆರೆ ಸಿಕ್ಕ ಸಿಪಾಯಿ ಅನ್ನಿಸಿಕೊಳ್ಳುವುದು ನಾಚಿಕೆ ಎಂದು ಅಡಿವೆಪ್ಪ ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಇಲ್ಲ. ಒಂದು ದಿನ ಆ ದೇಶದವರು ಸೋಲು ಒಪ್ಪಿದರಂತೆ, ಕಾವಲಿನವರು ಬಾಗಿಲು ಬಿಟ್ಟು ಓಡಿದರು, ಇವರೂ ಗುಡ್ಡ ಹತ್ತಿ ಓಡಿದರು. ಜರ್ಮನಿಯ ಸಿಪಾಯಿಗಳು ಹಿಂದೆ ಬಿದ್ದಿದ್ದರು. ಅಡಿವೆಪ್ಪನಿಗೆ ವಿಪರೀತ ಜ್ವರ. ಗುಡ್ಡದ ಒಂದು ಮನೆಯಲ್ಲಿ ಒಬ್ಬ ಮುದುಕಿ ಇಬ್ಬರನ್ನೂ ಒಳಗೆ ಕರೆದಳು. ದಾವಲಸಾಬರನ್ನು ಅಟ್ಟದ ಮೇಲೆ ಹುಲ್ಲಿನಲ್ಲಿ ಅಡಗಿಸಿದಳು. ಅಡಿವೆಪ್ಪನಿಗೆ ಹತ್ತುವ ಶಕ್ತಿ ಇರಲಿಲ್ಲ, ಅವನನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿದಳು.

“ಬಂದೂಕ ಹಿಡಕೊಂಡ ಮೂರ ಮಂದಿ ಬಂದ್ರವಾ. ನಾ ಹಲಗಿ ಸಂದ್ಯಾಗಿಂದ ನೋಡಾಕ ಹತ್ತಿದ್ದೆ. ಮುದುಕಿ ಮಂಚದ ಮ್ಯಾಲ ಕುಂತ್ಲು. ಅಂವನ ಗದ್ದದ ತನಾ ಹೊದಿಕಿ ಎಳದ್ಲು. ಅವರು ಏನ ಕೇಳಿದ್ರೂ ಅದ ಒಂದ ಮಾತು. ಎ ಮೀವೊ ಫೀಲ್ಯೊ, ಎ ಮೀವೊ ಫೀಲ್ಯೊ. ಒಬ್ಬಾಂವ ಹತ್ತಿರ ಬಂದು ಮಾರಿ ನೋಡಿದ. ಅಡಿವೆಪ್ಪ ಎಷ್ಟ ಕರ್ರಗಿದ್ದ ನಿಮಗ ಗೊತ್ತೈತಿ. ಅಂವಗ ತಿಳೀಲಿಲ್ಲ ಅಂತೀರೇನು? ಮುದುಕಿ ಬಿಡಲಿಲ್ಲ. ಅಂವನ ತಲಿ ಮ್ಯಾಲ ಕೈ ಇಟ್ಟ ಅದನ್ನ ಹೇಳಾಕ ಹತ್ತಿದ್ಲು. ಆ ಸಿಪಾಯಿ ಆಕಿನ್ನ ನೋಡಿದ, ಹೊಳ್ಳಿ ಹ್ವಾದ.”

ಅನ್ನ, ನೀರು, ಬಾ, ಹೋಗು ಇಷ್ಟನ್ನು ಬಿಟ್ಟರೆ ಆ ಭಾಷೆ ಇಬ್ಬರಿಗೂ ಬರುತ್ತಿರಲಿಲ್ಲ. ಮುದುಕಿ ತನ್ನ ದೇವರನ್ನು ಕರೆಯುತ್ತಿದ್ದಾಳೆ, ಆ ದೇವರೇ ಕಾಯ್ದ ಎಂದು ತಿಳಿದುಕೊಂಡರು. ಎರಡು ದಿನದ ಮೇಲೆ ಆಕೆ ಅವರನ್ನು ಗುಡ್ಡ ದಾಟಿಸಿದಳು. ಅಲ್ಲಿಂದ ಮುಂದೆ ಎಲ್ಲಿ ಅಂಜಿಕೆಯಾದರೂ ಅಡಿವೆಪ್ಪ ಬಾಯೊಳಗೆ ಅದನ್ನೇ ಅಂದುಕೊಳ್ಳುತ್ತಿದ್ದ. ಊರಿಗೆ ಬರುವ ಹಡಗು ಹತ್ತುವ ಮೊದಲು ಪಲ್ಟಣದ ಒಬ್ಬ ಕಾರಕೂನನಿಂದ ಕೇಳಿದಂತೆ ಬರೆಸಿಕೊಂಡು ಬಂದರಿನ ಬಜಾರದಲ್ಲಿ ಹಚ್ಚೆ ಹಾಕಿಸಿದ. ದಾವಲಸಾಬರು ತಮ್ಮ ಧರ್ಮದಲ್ಲಿ ಹಚ್ಚೆ ನಿಷಿದ್ಧ ಎಂದು ಹಾಕಿಸಲಿಲ್ಲ.

ನಾನು ಅರ್ಥ ಹೇಳಿದೆ. ದಾವಲಸಾಬರು ಮಂಜುಗಣ್ಣಿನಿಂದ ನನ್ನ ಕಡೆಗೇ ನೋಡುತ್ತ ಕುಂತರು. ಅಡಿವೆಪ್ಪನನ್ನು ಹಡೆದ ತಾಯಿ ಅವನ ಐದನೇ ವಯಸ್ಸಿನಲ್ಲೇ ಸತ್ತಿದ್ದಳು, ಅಂವಗ ಇದು ಗೊತ್ತಾಗಬೇಕಿತ್ತು ಎಂದಷ್ಟೇ ಹೇಳಿ ಕಣ್ಣು ಒರೆಸಿಕೊಂಡರು.

ಮುಂದಿನ ರವಿವಾರ ನಾನು ರಾಮದುರ್ಗದ ಬಸ್ಸು ಹತ್ತಿದೆ. ನೀಲವ್ವ ಮಗಳ ಮನೆಯ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಂತಿದ್ದರು. ಬಹಳ ಇಳಿದಿದ್ದರು. ನನ್ನನ್ನು ಗುರುತಿಸಿ ಊಟಕ್ಕೆ ಬರ್ರಿ ಎಂದು ಏಳಲು ಹೊರಟರು. ಮೊದಲು ಕುಂತ್ಕೊಳ್ರಿ ಆಯಿ ಎಂದೆ. ಅರ್ಥವನ್ನು ಮೊದಲು ಹೇಳಲಿಲ್ಲ. ತಂತಿ ಬೇಲಿಯಿಂದ ಶುರು ಮಾಡಿ, ಗುಡ್ಡ, ಜ್ವರ, ಹಾಸಿಗೆ, ಬಂದೂಕಿನವರು ಎಲ್ಲ ದಾವಲಸಾಬರು ಹೇಳಿದಂತೆಯೇ ಹೇಳಿದೆ. ಕೊನೆಗೆ ಮುದುಕಿಯ ಮಾತು, ಅದರ ಅರ್ಥ.

ನೀಲವ್ವನ ಕೈಯಲ್ಲಿದ್ದ ಶೇಂಗಾ ಹಾಗೇ ನಿಂತಿತು. ಆಕೆಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರು. ನಿಮ್ಮ ಈಗಿನ ವಯಸ್ಸು ಇರಬೇಕು ಎಂದೆ. ಅವರಿಗೆ ಇದೆಲ್ಲ ಗೊತ್ತಿತ್ತೇನು, ಆಕೆ ಮಗ ಅಂದಳೆನ್ನುವುದು, ಎಂದು ಕೇಳಿದರು. ಗೊತ್ತಿರಲಿಲ್ಲ, ಕೊನೆಯ ತನಕ ದೇವರ ಹೆಸರೆಂದೇ ತಿಳಿದಿದ್ದರು ಎಂದೆ.

“ಹಂಗಾರ ನನಗ ಖರೇನ ಹೇಳಿದ್ರು.”

ಆಮೇಲೆ ಅಳು ಬಂತು, ದನಿಯಿಲ್ಲದ ಅಳು. ಅಂವಾ ಎಡಗೈಲೆ ಗಂಟು ಬಿಚ್ಚಾಕ ಒದ್ದಾಡ್ತಿದ್ದ, ನಾ ಮತ್ತ ಮತ್ತ ಬಿಗದೆ ಎಂದರು. ಗಂಡನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಅವರ ಬಾಯಿಂದ ಕೇಳಿದ್ದು ಅದೊಂದೇ ಸಲ. ಸುಮ್ಮನಿರ್ರಿ ಆಯಿ ಎಂದು ಬೆನ್ನು ಸವರಿದೆ. ನಾಲ್ಕು ವರ್ಷ ಮೊದಲು ಇದೇ ಸುದ್ದಿ ತಂದಿದ್ದರೆ ಆ ಮನೆಯಲ್ಲಿ ಇಬ್ಬರು ಕೇಳುವವರಿದ್ದರು. ಒಬ್ಬರಿಗೆ ಉತ್ತರ ಕೊಡಲು ಬರುತ್ತಿರಲಿಲ್ಲ, ಆದರೆ ಕೇಳುತ್ತಿದ್ದರು.

ಮಗಳು ರೊಟ್ಟಿ ಬಡಿದು ಉಣ್ಣಲು ಕರೆದಳು. ಉಂಡೆವು. ನಾನು ಹೊರಟಾಗ ನೀಲವ್ವ ಕೋಲು ಊರುತ್ತ ಬಸ್ಸು ನಿಲ್ಲುವ ತನಕ ಬಂದರು. ದಾರಿಯಲ್ಲಿ ತಾವಾಗೇ ಮಾತು ತೆಗೆದರು. ಅತ್ತೆ ಇಲ್ಲದ ಮನೆ, ಮಗಳು ಸುಖವಾಗಿರುತ್ತಾಳೆ ಎಂದು ಅವರ ಅಪ್ಪ ಆ ಮನೆಗೆ ಕೊಟ್ಟಿದ್ದನಂತೆ.

“ಆಕಿ ಅವರನ್ನ ಮಗಾ ಅಂದ ಮ್ಯಾಲ ನನಗ ಅತ್ತಿ ಆದ್ಲಲ್ರಿ ಬಾಯಾರ. ಇಷ್ಟ ವರ್ಷ ಅತ್ತಿನ್ನ ಬೈದೆ ನಾ.”

ಬರುವ ಹಿರಿಯರ ಹಬ್ಬಕ್ಕೆ ಗಂಡನಿಗೆ ಎಡೆ ಇಡುವಾಗ ಆಕೆಗೂ ಒಂದು ಎಡೆ ಇಡಬೇಕು, ಅವರನ್ನು ಹಡೆದಾಕೆಯ ಎಡೆಯ ಬಾಜೂಕೆ, ಎಂದರು. ಆಮೇಲೆ ನಿಂತು ಕೇಳಿದರು, ಆಕೆಯ ಹೆಸರೇನು ಎಂದು.

ನನಗೆ ಗೊತ್ತಿರಲಿಲ್ಲ. ಅಷ್ಟು ಕೇಳಿದವಳು ಅದನ್ನು ಕೇಳಿರಲಿಲ್ಲ. ದಾವಲಸಾಬರನ್ನು ಕೇಳಿ ತಿಳಿಸುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಮುನವಳ್ಳಿಗೆ ಹೋಗಿ ಕೇಳಿದಾಗ ಅವರೂ ತಲೆ ಅಲ್ಲಾಡಿಸಿದರು. ಎರಡು ದಿನ ಆಕೆಯ ರೊಟ್ಟಿ ಉಂಡರೂ ಹೆಸರು ಕೇಳಲು ಭಾಷೆ ಇರಲಿಲ್ಲ. ಊರಿನ ಹೆಸರೂ ಗೊತ್ತಿಲ್ಲ.

ಅದನ್ನು ಹೇಳಲು ಮತ್ತೆ ನಾನೇ ಹೋದೆ. ಹಬ್ಬ ಹತ್ತಿರ ಬಂದಿತ್ತು. ನೀಲವ್ವ ಮಡಿಯಲ್ಲಿದ್ದರು, ಹೊಸ್ತಿಲ ಒಳಗೆ ನಿಂತೇ ಮಾತಾಡಿದರು. ಎಷ್ಟು ಕೇಳಿದರೂ ಹೆಸರು ಸಿಗಲಿಲ್ಲ ಎಂದು ನಾನು ಹೇಳಿದಾಗ ಮುಖ ಸಣ್ಣದಾಯಿತು. ಒಳಗೆ ಒಲೆಯ ಮೇಲಿನ ಹೂರಣ ನೋಡಿ ತಿರುಗಿ ಬಂದರು.

“ಇರ್ಲಿ ಬಿಡ್ರಿ,” ಎಂದರು. “ಅತ್ತಿ ಹೆಸರ ಸೊಸಿ ಹೇಳಂಗಿಲ್ಲ ಹೆಂಗೂ.”